ಎ11 ಎಂದರೆ ಸರಾಸರಿ ಸಂಬಳ

ಕೋಷ್ಟಕವೊಂದರ ಕಾಲಂಗೆ ‘ಎ11’ ಎಂದು ಹೆಸರಿದ್ದು, ಅದರ ಕೆಳಗಿನ ಒಂದು ಸಾಲಿನಲ್ಲಿ 8173 ಎಂಬ ಸಂಖ್ಯೆ ಇದ್ದರೆ, ಅದು ಜನಸಂಖ್ಯೆಯೋ, ಅಪರಾಧಗಳ ಲೆಕ್ಕವೋ, ಹಣದ ಮೊತ್ತವೋ ಎಂಬುದು ಆ ಕೋಷ್ಟಕವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಗೊತ್ತಾಗುವುದಿಲ್ಲ. ಜೆಕ್ ದೇಶದ ಬ್ಯಾಂಕೊಂದರ ದತ್ತಾಂಶದಲ್ಲಿರುವ ಈ ಸಂಖ್ಯೆಯು ಯೆಸೆನಿಕ್ ಎಂಬ ಜಿಲ್ಲೆಯ ಸರಾಸರಿ ಸಂಬಳ, ಅದೂ ಅಲ್ಲಿನ ನಾಣ್ಯವಾದ ಕೊರುನಾದಲ್ಲಿ, ಎಂಬ ಸಂಗತಿ ಕೋಷ್ಟಕದೊಳಗೆ ಇಲ್ಲ; ಅದರ ಜೊತೆಗೆ ಪ್ರಕಟವಾದ ವಿವರಣೆಯಲ್ಲಿ ಮಾತ್ರ ಇದೆ. ಇಂಥ ವಿವರಣೆ ಕಳೆದುಹೋದಾಗ ಹಿಂದೆಲ್ಲ ಪೇಚಿಗೆ ಸಿಲುಕುತ್ತಿದ್ದವರು ಬೆರಳೆಣಿಕೆಯ ವಿಶ್ಲೇಷಕರು ಮಾತ್ರ, ಮತ್ತು ಅವರು ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಬಳಿ ಹೋಗಿ ಕೇಳಿಕೊಳ್ಳುತ್ತಿದ್ದರು. ಈಗ ಕಚೇರಿಯ ಯಾರೇ ಆಗಲಿ ಆಡುಮಾತಿನಲ್ಲಿ ಪ್ರಶ್ನೆ ಟೈಪ್ ಮಾಡಿದರೆ, ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶವೊಂದು ಅದನ್ನು ಡೇಟಾಬೇಸಿನ ಭಾಷೆಗೆ ತಿರುಗಿಸಿ, ಕೆಲವೇ ಕ್ಷಣಗಳಲ್ಲಿ ಉತ್ತರವನ್ನು ಮುಂದಿಡುವ ವ್ಯವಸ್ಥೆ ಬಂದಿದೆ. ಆ ಸಹಾಯಕ ಅನುಮಾನ ಬಂದಾಗ ಪಕ್ಕದ ಮೇಜಿಗೆ ಎದ್ದು ಹೋಗುವುದಿಲ್ಲ. ಊಹಿಸುತ್ತದೆ, ಮತ್ತು ಊಹೆಯನ್ನೂ ತಿಳಿವಳಿಕೆಯನ್ನೂ ಒಂದೇ ದನಿಯಲ್ಲಿ ಹೇಳುತ್ತದೆ.

ಹಾಗಾಗಿ ಕೋಷ್ಟಕಗಳಿಗೆ ವಿವರಣೆ ಬರೆಯುವ, ಯಾರಿಗೂ ಬೇಡವಾಗಿದ್ದ, ವರ್ಷದ ಕೊನೆಗೆ ಎಂದು ಮುಂದೂಡಲಾಗುತ್ತಿದ್ದ ಕೆಲಸ ಒಮ್ಮೆಲೇ ಮುನ್ನೆಲೆಗೆ ಬಂದಿದೆ. ಆ ಬರವಣಿಗೆಯಲ್ಲಿ ಏನಿರಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. ಪ್ರತಿ ಕಾಲಂನ ಹೆಸರನ್ನು ಬಿಡಿಸಿ ಬರೆದರೆ ಕೆಲಸ ಮುಗಿಯಿತು ಎಂಬ ನಂಬಿಕೆಯೇ ಅನೇಕ ಯೋಜನೆಗಳ ಮೊದಲ ಎಡವು.

ಚಂದ್ರಶಿಲೆಯಿಂದ ಇಲ್ಲಿಯವರೆಗೆ

ಅಮೆರಿಕದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನವು, ಮಾಹಿತಿಯನ್ನು ಒಂದಕ್ಕೊಂದು ಸಂಬಂಧವಿರುವ ಕೋಷ್ಟಕಗಳಾಗಿ ಜೋಡಿಸಿಡುವ ಮಾದರಿಯನ್ನು ಮುಂದಿಟ್ಟಿತು. ಯಂತ್ರದೊಳಗೆ ಮಾಹಿತಿ ಎಲ್ಲಿ, ಯಾವ ಕ್ರಮದಲ್ಲಿ ಕುಳಿತಿದೆ ಎಂಬುದನ್ನು ತಿಳಿಯಬೇಕಾದ ಹೊರೆಯಿಂದ ಬಳಕೆದಾರರನ್ನು ಪಾರುಮಾಡುವುದು ಅವರ ಉದ್ದೇಶವಾಗಿತ್ತು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪರಿಚಯಿಸಿದ ‘ಸೀಕ್ವೆಲ್’ ಭಾಷೆ ಮುಂದೆ ಎಸ್‌ಕ್ಯೂಎಲ್ ಆಯಿತು. ಇಂತಿಂಥ ಕೋಷ್ಟಕದಿಂದ, ಇಂತಿಂಥ ಷರತ್ತಿಗೆ ಒಳಪಟ್ಟ ಸಾಲುಗಳನ್ನು, ಹೀಗೆ ಗುಂಪು ಮಾಡಿ ಕೊಡು ಎಂದು ಕೇಳುವ ಈ ಆದೇಶಕ್ಕೆ ಕ್ವೆರಿ ಎಂಬ ಹೆಸರು ಬಳಕೆಯಲ್ಲಿದೆ. ಜೋಡಣೆಯನ್ನು ತಿಳಿಯುವ ಹೊರೆಯನ್ನು ಕಾಡ್ ಇಳಿಸಿದರು. ಅರ್ಥವನ್ನು ತಿಳಿಯುವ ಹೊರೆ ಹಾಗೆಯೇ ಉಳಿಯಿತು.

ಕ್ವೆರಿಯ ವ್ಯಾಕರಣವನ್ನೂ ಬಿಟ್ಟು ನೇರವಾಗಿ ಮನುಷ್ಯರ ಮಾತಿನಲ್ಲೇ ಕೇಳುವ ಆಸೆ ಹೊಸದೇನಲ್ಲ. ಅಪೊಲೊ ಯಾತ್ರೆಗಳಿಂದ ಬಂದ ಚಂದ್ರಶಿಲೆಗಳ ರಾಸಾಯನಿಕ ವಿಶ್ಲೇಷಣೆಯ ಬಗ್ಗೆ ಭೂವಿಜ್ಞಾನಿಗಳು ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಬಹುದಾದ ‘ಲೂನಾರ್’ ಎಂಬ ವ್ಯವಸ್ಥೆಯನ್ನು ವಿಲಿಯಂ ವುಡ್ಸ್ 1970ರ ದಶಕದ ಆರಂಭದಲ್ಲೇ ಕಟ್ಟಿದ್ದರು. ಅಲ್ಲಿ ಪ್ರತಿಯೊಂದು ಪದಕ್ಕೂ ಅರ್ಥವನ್ನು ಕೈಯಾರೆ ಬರೆದು ಯಂತ್ರಕ್ಕೆ ಕೊಡಲಾಗಿತ್ತು. ಕ್ಷೇತ್ರ ಬದಲಾದರೆ ಕೆಲಸವನ್ನು ಮೊದಲಿನಿಂದ ಮಾಡಬೇಕಿತ್ತು. ಈಗಿನ ದೊಡ್ಡ ಭಾಷಾ ಮಾದರಿಗಳಿಗೆ ವ್ಯಾಕರಣವನ್ನಾಗಲಿ ಪದಗಳ ಅರ್ಥವನ್ನಾಗಲಿ ಹೀಗೆ ಉಣಿಸಬೇಕಿಲ್ಲ. ಡೇಟಾಬೇಸಿನಲ್ಲಿರುವ ಕೋಷ್ಟಕಗಳ ಹೆಸರು, ಕಾಲಂಗಳ ಹೆಸರು, ಪ್ರತಿ ಕಾಲಂನಲ್ಲಿರುವುದು ಸಂಖ್ಯೆಯೋ ದಿನಾಂಕವೋ ಪಠ್ಯವೋ ಎಂಬ ಸೂಚನೆ, ಇವಿಷ್ಟನ್ನೂ ಒಳಗೊಂಡ ‘ಸ್ಕೀಮಾ’ ಎಂಬ ನಕ್ಷೆಯನ್ನು ಪಠ್ಯರೂಪದಲ್ಲಿ ಪ್ರಶ್ನೆಯ ಜೊತೆಗೆ ಮಾದರಿಯ ಮುಂದಿಟ್ಟರೆ, ಅದು ಕ್ವೆರಿಯನ್ನು ಬರೆದುಕೊಡುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಮಾದರಿಯು ಲಕ್ಷಾಂತರ ಸಾಲುಗಳನ್ನು ಓದಿ ಉತ್ತರ ಕೊಡುವುದಿಲ್ಲ. ಬಹಳಷ್ಟು ವ್ಯವಸ್ಥೆಗಳಲ್ಲಿ ಅದು ಕಾಣುವುದು ನಕ್ಷೆಯನ್ನು ಮಾತ್ರ, ಮತ್ತು ನಕ್ಷೆಯಲ್ಲಿ ಇಲ್ಲದ್ದನ್ನು ಹೆಸರುಗಳಿಂದ ಊಹಿಸಿಕೊಳ್ಳುತ್ತದೆ.

ಈ ಊಹೆಯ ಬೆಲೆ ಎಷ್ಟೆಂಬುದನ್ನು ಅಳೆದ ಪರೀಕ್ಷೆಗಳಿವೆ. ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ‘ಸ್ಪೈಡರ್’ ಎಂಬ ಪ್ರಶ್ನಸಂಚಯದಲ್ಲಿ 200 ಡೇಟಾಬೇಸುಗಳೂ 10,181 ಪ್ರಶ್ನೆಗಳೂ ಇದ್ದವು. ಅಲ್ಲಿನ ಕಾಲಂಗಳ ಹೆಸರುಗಳು ಬಹುಮಟ್ಟಿಗೆ ಸ್ವಚ್ಛವಾಗಿದ್ದುದರಿಂದ ಯಂತ್ರಗಳು ಕೆಲವೇ ವರ್ಷಗಳಲ್ಲಿ ಅದನ್ನು ಜಯಿಸಿದವು. 2023ರಲ್ಲಿ ಬಂದ ‘ಬರ್ಡ್’ ಎಂಬ ಸಂಚಯ 95 ನೈಜ ಡೇಟಾಬೇಸುಗಳನ್ನು, ಅವುಗಳ ಕೊಳೆ ಕಸದ ಸಮೇತ, ಮುಂದಿಟ್ಟಿತು. ಅಲ್ಲಿ ಜಿಪಿಟಿ-4 ಮಾದರಿಯು ಬರಿಯ ನಕ್ಷೆಯನ್ನು ನೋಡಿ ಶೇ 34.88ರಷ್ಟು ಪ್ರಶ್ನೆಗಳಿಗೆ ಸರಿಯುತ್ತರ ತಂದರೆ, ಪ್ರಶ್ನೆಯ ಜೊತೆಗೆ ‘ಎ11 ಎಂದರೆ ಸರಾಸರಿ ಸಂಬಳ’ ಎಂಬಂಥ ಒಂದೆರಡು ಸಾಲಿನ ವಿವರಣೆಯನ್ನು ಕೊಟ್ಟಾಗ ಅದು ಶೇ 54.89ಕ್ಕೆ ಏರಿತು, ಅದೇ ಪ್ರಶ್ನೆಗಳಿಗೆ ಮನುಷ್ಯರ ಸಾಧನೆ ಶೇ 92.96 ಇತ್ತು. ಮಾದರಿ ಅದೇ, ಪ್ರಶ್ನೆ ಅದೇ, ಕೋಷ್ಟಕವೂ ಅದೇ. ಇಪ್ಪತ್ತು ಅಂಶಗಳ ಏರಿಕೆಯನ್ನು ತಂದುಕೊಟ್ಟದ್ದು ಯಾರೋ ಕುಳಿತು ಬರೆದ ಒಂದೆರಡು ವಾಕ್ಯ. ಮಾದರಿಗಳು ಆಮೇಲೆ ಬಹಳ ಬೆಳೆದಿವೆಯಾದರೂ ಕಷ್ಟ ನೀಗಿಲ್ಲ: ಒಂದೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಾಲಂಗಳಿರಬಹುದಾದ, ಉದ್ಯಮಗಳಲ್ಲಿ ಬಳಕೆಯಾಗುವ ಬಗೆಯ ಡೇಟಾಬೇಸುಗಳನ್ನು ಆಧರಿಸಿದ ‘ಸ್ಪೈಡರ್ 2.0’ 2024ರಲ್ಲಿ ಬಂದಾಗ, ಮೊದಲ ಸ್ಪೈಡರ್‌ನಲ್ಲಿ ಶೇ 91.2 ಗಳಿಸಿದ್ದ ತಂತ್ರ ಇಲ್ಲಿ ಶೇ 21.3ಕ್ಕೆ ಕುಸಿಯಿತು.

ಪ್ರಾಗ್‌ನ ಬ್ಯಾಂಕು ದಾಖಲೆ

ಎ11 ಇರುವ ಜೆಕ್ ಬ್ಯಾಂಕಿನ ದತ್ತಾಂಶ ಬರ್ಡ್ ಸಂಚಯದಲ್ಲೂ ಸೇರಿದೆ. ಇದನ್ನು ಪ್ರಾಗ್‌ನಲ್ಲಿ 1999ರಲ್ಲಿ ನಡೆದ ದತ್ತಾಂಶ ಸಂಶೋಧನೆಯ ಸಮ್ಮೇಳನವೊಂದರ ಸ್ಪರ್ಧೆಗಾಗಿ ಪೆತ್ರ್ ಬೆರ್ಕಾ ಮತ್ತು ಸಂಗಡಿಗರು, ಬ್ಯಾಂಕಿನ ಹೆಸರನ್ನು ಹೇಳದೆ, ಸಿದ್ಧಪಡಿಸಿದ್ದರು. ಎಂಟು ಕೋಷ್ಟಕಗಳಲ್ಲಿ 4,500 ಖಾತೆಗಳು, 5,369 ಗ್ರಾಹಕರು, 682 ಸಾಲಗಳು, 10,56,320 ವಹಿವಾಟುಗಳು ಇವೆ. ಸುಮಾರು ಕಾಲು ಶತಮಾನದಿಂದ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳುತ್ತ ಬಂದಿರುವ ಈ ಪುಟ್ಟ ಸಂಗ್ರಹ, ಎಡವಬಹುದಾದ ಹೆಚ್ಚುಕಡಿಮೆ ಎಲ್ಲ ಜಾಗಗಳನ್ನೂ ಒಂದೆಡೆ ತೋರಿಸುವುದರಿಂದ, ಇದರೊಳಗೆ ಸ್ವಲ್ಪ ನಿಧಾನವಾಗಿ ನಡೆದು ನೋಡುವುದು ಉಚಿತ.

ಸಾಲದ ಕೋಷ್ಟಕದಲ್ಲಿ ‘ಸ್ಟೇಟಸ್’ ಎಂಬ ಕಾಲಂ ಇದ್ದು, ಅದರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕೇ ಅಕ್ಷರಗಳು ಬರುತ್ತವೆ. ಇವುಗಳನ್ನು ದರ್ಜೆ ಎಂದು ಓದುವುದು, ಅಂದರೆ ಎ ಅತ್ಯುತ್ತಮ, ಬಿ ಪರವಾಗಿಲ್ಲ, ಸಿ ಕಳಪೆ, ಡಿ ತೀರಾ ಕಳಪೆ ಎಂದು ತಿಳಿಯುವುದು, ಶಾಲೆಗೆ ಹೋದ ಯಾರಿಗೂ ಸಹಜ, ಯಂತ್ರಕ್ಕೂ ಸಹಜವೇ. ವಾಸ್ತವದಲ್ಲಿ ಎ ಎಂದರೆ ಅವಧಿ ಮುಗಿದು ಪೂರ್ತಿ ತೀರಿದ ಸಾಲ, ಬಿ ಎಂದರೆ ಅವಧಿ ಮುಗಿದರೂ ತೀರದ ಸಾಲ, ಸಿ ಎಂದರೆ ಇನ್ನೂ ನಡೆಯುತ್ತಿದ್ದು ಕಂತುಗಳು ಸರಿಯಾಗಿ ಬರುತ್ತಿರುವ ಸಾಲ, ಡಿ ಎಂದರೆ ನಡೆಯುತ್ತಿದ್ದು ಬಾಕಿ ಉಳಿದಿರುವ ಸಾಲ. ಎ-ಯಲ್ಲಿ 203, ಬಿ-ಯಲ್ಲಿ 31, ಸಿ-ಯಲ್ಲಿ 403, ಡಿ-ಯಲ್ಲಿ 45 ಸಾಲಗಳಿವೆ. ಈಗ ವ್ಯವಸ್ಥಾಪಕರೊಬ್ಬರು ‘ನಮ್ಮ ಸಾಲಗಳಲ್ಲಿ ಕೆಟ್ಟುಹೋದವು ಶೇಕಡಾ ಎಷ್ಟು?’ ಎಂದು ಕೇಳಿದರೆ, ಬಿ ಮಾತ್ರ ಕೆಟ್ಟದ್ದೆಂದು ಒಟ್ಟು ಸಾಲಗಳಿಂದ ಭಾಗಿಸಿದಾಗ ಶೇ 4.5, ಬಿ ಮತ್ತು ಡಿ ಎರಡನ್ನೂ ಸೇರಿಸಿದಾಗ ಶೇ 11.1, ಅವಧಿ ಮುಗಿದ ಸಾಲಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಶೇ 13.2 ಎಂದು ಮೂರು ಉತ್ತರಗಳು ಬರುತ್ತವೆ. ಮೂರು ಕ್ವೆರಿಗಳೂ ವ್ಯಾಕರಣಶುದ್ಧವಾಗಿವೆ, ಮೂರೂ ಚಕಾರವೆತ್ತದೆ ಓಡುತ್ತವೆ. ಯಾವುದು ಸರಿ ಎಂಬುದನ್ನು ಹೇಳಬಲ್ಲದ್ದು ಆ ಬ್ಯಾಂಕು ‘ಕೆಟ್ಟ ಸಾಲ’ ಎಂಬುದನ್ನು ಹೇಗೆ ನಿರೂಪಿಸಿಕೊಂಡಿದೆ ಎಂಬ ಒಪ್ಪಂದ ಮಾತ್ರ, ಮತ್ತು ಆ ಒಪ್ಪಂದ ಡೇಟಾಬೇಸಿನಲ್ಲಿ ಎಲ್ಲೂ ಇಲ್ಲ. ಅಕ್ಷರಗಳ ಅರ್ಥವನ್ನು ಬರೆದಿಟ್ಟರೂ ಸಾಲದು. ಛೇದದಲ್ಲಿ ಏನಿರಬೇಕೆಂಬುದನ್ನೂ ಬರೆಯಬೇಕಾಗುತ್ತದೆ.

ವಹಿವಾಟಿನ ಕೋಷ್ಟಕದ ತೊಡಕು ಬೇರೆ ಬಗೆಯದು. ಅಲ್ಲಿನ ‘ಟೈಪ್’ ಕಾಲಂ ಹಣ ಬಂದದ್ದೋ ಹೋದದ್ದೋ ಎಂಬುದನ್ನು ಜೆಕ್ ಭಾಷೆಯ ಸಂಕೇತಗಳಲ್ಲಿ ಹೇಳುತ್ತದೆ: ‘ಪ್ರಿಯೆಮ್’ ಎಂದರೆ ಜಮೆ, ‘ವೀದಾಯ್’ ಎಂದರೆ ಖರ್ಚು. ವಿವರಣೆಯಲ್ಲಿ ಈ ಎರಡೇ ಇವೆ. ದತ್ತಾಂಶವನ್ನು ಎಣಿಸಿ ನೋಡಿದಾಗ ಮಾತ್ರ 16,666 ಸಾಲುಗಳಲ್ಲಿ ‘ವೀಬೆರ್’ ಎಂಬ ಮೂರನೆಯ ಸಂಕೇತ ಇರುವುದು ಕಾಣುತ್ತದೆ. ಅದು ನಗದು ಹಿಂಪಡೆತವನ್ನು ಸೂಚಿಸುವ, ಪಕ್ಕದ ಕಾಲಂಗೆ ಸೇರಿದ ಪದ. ವಿವರಣೆಯನ್ನು ನಂಬಿ ‘ವೀದಾಯ್’ ಇರುವ ಸಾಲುಗಳನ್ನಷ್ಟೇ ಕೂಡಿದರೆ ಈ 16,666 ಹಿಂಪಡೆತಗಳು ಸದ್ದಿಲ್ಲದೆ ಲೆಕ್ಕದಿಂದ ಜಾರಿಹೋಗುತ್ತವೆ. ಕೋಷ್ಟಕದ ವಿವರಣೆಯನ್ನು ಅದನ್ನು ವಿನ್ಯಾಸಗೊಳಿಸಿದವರ ಉದ್ದೇಶದಿಂದಲ್ಲ, ಅದರಲ್ಲಿ ನಿಜಕ್ಕೂ ಇರುವ ಮೌಲ್ಯಗಳನ್ನು ಎಣಿಸಿ ಬರೆಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಇದೇ ರೀತಿ, ವಾರಕ್ಕೊಮ್ಮೆ ಲೆಕ್ಕಪಟ್ಟಿ ಪಡೆಯುವ ಖಾತೆಗಳನ್ನು ‘ಪೊಪ್ಲಾತೆಕ್ ತೀದ್ನೆ’ ಎಂದು ಗುರುತಿಸಿರುವಲ್ಲಿ ಸಹಾಯಕನು ‘ವೀಕ್ಲಿ’ ಎಂದು ಹುಡುಕಿದರೆ ಸಿಗುವ ಉತ್ತರ ಸೊನ್ನೆ. ಸೊನ್ನೆಯೂ ಒಂದು ಉತ್ತರವೇ ಆದ್ದರಿಂದ ಯಂತ್ರ ದೋಷವೆಂದು ದೂರುವುದಿಲ್ಲ, ಓದುವವರು ಅಂಥ ಖಾತೆಗಳೇ ಇಲ್ಲವೆಂದು ತಿಳಿಯುತ್ತಾರೆ.

ಇನ್ನೂ ಆಳವಾದ ಗುಂಡಿ ಇರುವುದು ಕೋಷ್ಟಕಗಳು ಒಂದನ್ನೊಂದು ಕೂಡುವ ದಾರಿಯಲ್ಲಿ. ಎರಡು ಕೋಷ್ಟಕಗಳ ಸಾಲುಗಳನ್ನು ಸಮಾನವಾದ ಒಂದು ಮೌಲ್ಯದ ಮೂಲಕ ಹೊಂದಿಸುವುದಕ್ಕೆ ಜಾಯಿನ್ ಎನ್ನುತ್ತಾರೆ. ಗ್ರಾಹಕರ ಕೋಷ್ಟಕದಲ್ಲೂ ಖಾತೆಗಳ ಕೋಷ್ಟಕದಲ್ಲೂ ಜಿಲ್ಲೆಯ ಸಂಕೇತವಿದೆ, ಹೆಸರೂ ಒಂದೇ. ಆದರೆ ಮೊದಲನೆಯದು ಗ್ರಾಹಕರು ವಾಸಿಸುವ ಜಿಲ್ಲೆ, ಎರಡನೆಯದು ಖಾತೆ ಇರುವ ಬ್ಯಾಂಕ್ ಶಾಖೆಯ ಜಿಲ್ಲೆ. ಗ್ರಾಹಕರಿಗೂ ಖಾತೆಗೂ ನಿಜವಾದ ಸಂಬಂಧವಿರುವುದು ‘ಡಿಸ್ಪೊಸಿಷನ್’ ಎಂಬ ಮೂರನೆಯ ಕೋಷ್ಟಕದ ಮೂಲಕ, ಮತ್ತು ಅಲ್ಲಿ ಖಾತೆಯ ಒಡೆಯರ ಜೊತೆಗೆ ಖಾತೆಯನ್ನು ಬಳಸಲು ಅನುಮತಿಯಷ್ಟೇ ಇರುವ 869 ಮಂದಿಯೂ ಸೇರಿದ್ದಾರೆ. ಜಿಲ್ಲೆಯ ಹತ್ತಿರದ ದಾರಿ ಹಿಡಿದವರಿಗೆ ಒಬ್ಬ ಗ್ರಾಹಕನ ಪಾಲಿಗೆ ಆ ಜಿಲ್ಲೆಯ ಶಾಖೆಗಳಲ್ಲಿರುವ ಎಲ್ಲ ಖಾತೆಗಳೂ ಬಂದು ಬೀಳುತ್ತವೆ. ಸರಿಯಾದ ದಾರಿಯಲ್ಲೇ ಹೋದರೂ ಒಡೆತನದ ಷರತ್ತನ್ನು ಹಾಕದಿದ್ದರೆ ಇಬ್ಬರಿರುವ ಖಾತೆಯ ಸಾಲ ಎರಡು ಬಾರಿ ಕೂಡಿಕೊಳ್ಳುತ್ತದೆ. ಬರ್ಡ್ ಸಂಚಯದ ಈ ಭಾಗವನ್ನು 2024ರಲ್ಲಿ ಮರುಪರಿಶೀಲಿಸಿದ ಸಂಶೋಧಕರು ಇದರ 106 ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಒಂದಲ್ಲ ಒಂದು ದೋಷವಿರುವುದನ್ನು ಕಂಡರು. ಯಂತ್ರಗಳನ್ನು ಪರೀಕ್ಷಿಸಲು ಮಾದರಿ ಉತ್ತರ ಬರೆದ ಮನುಷ್ಯರೇ ಕೆಲವೆಡೆ ಕೋಷ್ಟಕಗಳ ಸಂಬಂಧವನ್ನು ತಪ್ಪಾಗಿ ಗ್ರಹಿಸಿದ್ದರು. ಯಂತ್ರವನ್ನು ಹಂಗಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಯೆಸೆನಿಕ್ ಜಿಲ್ಲೆಯ ಸಾಲಿನಲ್ಲಿ ಇನ್ನೊಂದು ವಿಶೇಷವಿದೆ. 1995ರ ನಿರುದ್ಯೋಗ ದರ ಮತ್ತು 1995ರ ಅಪರಾಧಗಳ ಸಂಖ್ಯೆ ಇರಬೇಕಾದ ಎರಡು ಜಾಗಗಳಲ್ಲಿ ಅಂಕಿಯ ಬದಲು ಪ್ರಶ್ನಾರ್ಥಕ ಚಿಹ್ನೆ ಇದೆ, ಆದರೆ 1996ರ ಅಂಕಿಗಳಿವೆ. ಯಾರೋ ಗುಮಾಸ್ತರ ಆಲಸ್ಯ ಇದಕ್ಕೆ ಕಾರಣವಲ್ಲ. ಯೆಸೆನಿಕ್ ಎಂಬ ಜಿಲ್ಲೆ ರಚನೆಯಾದದ್ದೇ 1996ರಲ್ಲಿ. ಖಾಲಿ ಜಾಗ ಎಂದರೆ ಅಳೆಯಲಿಲ್ಲ ಎಂದೋ, ಅಳೆದಾಗ ಸೊನ್ನೆ ಬಂತು ಎಂದೋ, ಅಳೆಯಬೇಕಾದ ವಸ್ತುವೇ ಆಗ ಇರಲಿಲ್ಲ ಎಂದೋ ವಿವರಣೆ ಹೇಳದಿದ್ದರೆ, ಸರಾಸರಿ ತೆಗೆಯುವ ಕ್ವೆರಿ ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

ಹತ್ತಿರದ ಕೋಷ್ಟಕಗಳು

ಕರ್ನಾಟಕದ ಅಂಕಿಅಂಶಗಳೊಡನೆ ಕೆಲಸ ಮಾಡುವವರಿಗೆ ಯೆಸೆನಿಕ್ ದೂರದ ಊರೇನೂ ಅಲ್ಲ. ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟದ್ದು 2021ರಲ್ಲಿ. ಅದರ 2019ರ ಅಂಕಿ ಕೇಳಿದವರಿಗೆ ಸಿಗುವ ಶೂನ್ಯಕ್ಕೂ, ಬಳ್ಳಾರಿಯ ಅಂಕಿಗಳು 2021ರಿಂದ ಒಮ್ಮೆಲೇ ಇಳಿದಂತೆ ಕಾಣುವುದಕ್ಕೂ ಕಾರಣ ಒಂದೇ. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಇದರ ಜೊತೆಗೆ ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಜಿಲ್ಲೆಯಿದೆ, ಬೆಂಗಳೂರಿನ ಹತ್ತಿರವೂ ವಿಜಯಪುರ ಎಂಬ ಪಟ್ಟಣವಿದೆ; ಹೆಸರಿನ ಮೇಲೆ ಕೋಷ್ಟಕಗಳನ್ನು ಕೂಡಬಾರದು, ಜಿಲ್ಲಾ ಸಂಕೇತದ ಮೇಲೆಯೇ ಕೂಡಬೇಕು ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಸಹಾಯಕನು ಇವುಗಳನ್ನು ಸಲೀಸಾಗಿ ಬೆರೆಸಿಬಿಡುತ್ತಾನೆ. ಸಂಕೇತಗಳೂ ಕಾಲಾತೀತವಲ್ಲ: ಜನಗಣತಿಯಲ್ಲಿ ಆಂಧ್ರಪ್ರದೇಶದ ಸಂಕೇತ 28, 2014ಕ್ಕೆ ಮುಂಚಿನ ದತ್ತಾಂಶದಲ್ಲಿ ಆ 28ರೊಳಗೆ ತೆಲಂಗಾಣವೂ ಸೇರಿದೆ, ನಂತರದ್ದರಲ್ಲಿ ತೆಲಂಗಾಣಕ್ಕೆ 36 ಎಂಬ ಪ್ರತ್ಯೇಕ ಸಂಕೇತವಿದೆ, ಮತ್ತು ಜಿಎಸ್‌ಟಿ ನೋಂದಣಿಯಲ್ಲಿ ಆಂಧ್ರದ ಸಂಕೇತ 37.

ಜಮೀನಿನ ವಿಸ್ತೀರ್ಣ ಇನ್ನೂ ಸೂಕ್ಷ್ಮ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಪಹಣಿಯ ರೂಢಿಯಂತೆ 2.20 ಎಂದು ಬರೆದು, ಆ ಕಾಲಂ ಅನ್ನು ದಶಮಾಂಶ ಸಂಖ್ಯೆಯೆಂದು ಘೋಷಿಸಿಟ್ಟ ಕೋಷ್ಟಕವೊಂದಿದ್ದರೆ, ಅಂಥ ಎರಡು ಹಿಡುವಳಿಗಳ ಮೊತ್ತವನ್ನು ಯಂತ್ರ 4.40 ಎಂದು ಹೇಳುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ ಎಂದು ಬಲ್ಲ ಯಾವ ರೈತನಿಗೂ ಅದು ಐದು ಎಕರೆ. ಸಾವಿರ ಸರ್ವೆ ನಂಬರುಗಳ ಮೊತ್ತದಲ್ಲಿ ಈ ತಪ್ಪು ಎಲ್ಲೂ ಎದ್ದು ಕಾಣುವುದಿಲ್ಲ, ಏಕೆಂದರೆ ಬಂದ ಸಂಖ್ಯೆ ನಂಬಲರ್ಹವಾಗಿಯೇ ಇರುತ್ತದೆ. ಕಾಲಂನ ಹೆಸರನ್ನು ‘ವಿಸ್ತೀರ್ಣ, ಎಕರೆಗಳಲ್ಲಿ’ ಎಂದು ಬಿಡಿಸಿ ಬರೆದ ವಿವರಣೆ ಇಲ್ಲಿ ಸಹಾಯ ಮಾಡುವ ಬದಲು ದಾರಿ ತಪ್ಪಿಸುತ್ತದೆ. ಬರೆಯಬೇಕಾದದ್ದು, ಬಿಂದುವಿನ ಬಲಗಡೆ ಇರುವುದು ಗುಂಟೆ, 0ಯಿಂದ 39ರವರೆಗೆ ಮಾತ್ರ ಬರುತ್ತದೆ, ಕೂಡುವ ಮುನ್ನ ಗುಂಟೆಗೆ ಪರಿವರ್ತಿಸಬೇಕು, ಎಂದು.

ರಾಷ್ಟ್ರಮಟ್ಟದ ಉದಾಹರಣೆಗೆ, ಕೇಂದ್ರ ಸಾಂಖ್ಯಿಕ ಸಚಿವಾಲಯವು 2017ರಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಆರಂಭದ ವರ್ಷಗಳ ಬಿಡಿ ದಾಖಲೆಗಳನ್ನು ನೋಡಬಹುದು. ಅಲ್ಲಿ ಒಂದು ಸಾಲು ಎಂದರೆ ಸಮೀಕ್ಷೆಗೆ ಆಯ್ಕೆಯಾದ ಒಬ್ಬ ವ್ಯಕ್ತಿ, ಆದರೆ ಆ ಒಬ್ಬ ವ್ಯಕ್ತಿ ನೂರಾರು ಅಥವಾ ಸಾವಿರಾರು ಮಂದಿಯ ಪ್ರತಿನಿಧಿ. ಎಷ್ಟು ಮಂದಿಯ ಪ್ರತಿನಿಧಿ ಎಂಬುದನ್ನು ‘ಮಲ್ಟಿಪ್ಲೈಯರ್’ ಎಂಬ ಗುಣಕ ಹೇಳುತ್ತದೆ. ಕರ್ನಾಟಕದ ಸಂಕೇತವಾದ 29ನ್ನು ಹಾಕಿ ಸಾಲುಗಳನ್ನು ಎಣಿಸಿದರೆ ಸಿಗುವುದು ಸಮೀಕ್ಷೆಗೆ ಆಯ್ದ ಮಾದರಿಯ ಗಾತ್ರ, ರಾಜ್ಯದ ಜನ ಅಲ್ಲ. ಗುಣಕಗಳನ್ನು ಹಾಗೆಯೇ ಕೂಡಿದರೂ ಉತ್ತರ ತಪ್ಪೇ, ಏಕೆಂದರೆ ಕಡೆಯ ಎರಡು ಅಂಕಿಗಳು ದಶಮಾಂಶ ಸ್ಥಾನಗಳಾಗಿದ್ದು, ಎನ್‌ಎಸ್‌ಎಸ್ ಮತ್ತು ಎನ್‌ಎಸ್‌ಸಿ ಎಂಬ ಇನ್ನೆರಡು ಕಾಲಂಗಳು ಸಮವಾಗಿದ್ದರೆ ಗುಣಕವನ್ನು 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಬೇಕು; ಸಮೀಕ್ಷೆಯನ್ನು ಎರಡು ಉಪಮಾದರಿಗಳಾಗಿ ನಡೆಸಿ ಎರಡರ ಸರಾಸರಿ ತೆಗೆಯುವ ಪದ್ಧತಿ ಇದಕ್ಕೆ ಕಾರಣ. ನಾಲ್ಕು ತ್ರೈಮಾಸಿಕಗಳನ್ನು ಸೇರಿಸಿ ವಾರ್ಷಿಕ ಅಂದಾಜು ಮಾಡುವಾಗ ತ್ರೈಮಾಸಿಕಗಳ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಬೇಕಾಗುತ್ತದೆ. ಎಷ್ಟೇ ಚುರುಕಾದ ಭಾಷಾ ಮಾದರಿಯಾಗಲಿ, ಮನುಷ್ಯನಾಗಲಿ ಇದನ್ನು ಕಾಲಂಗಳ ಹೆಸರಿನಿಂದ ಊಹಿಸಲಾರರು. ಸಚಿವಾಲಯ ಇದನ್ನು ದತ್ತಾಂಶದ ಜೊತೆಗಿನ ಓದುಗರ ಟಿಪ್ಪಣಿಯಲ್ಲಿ ಬರೆದಿಟ್ಟಿದೆ. ಆ ಕಡತವನ್ನು ಬಿಟ್ಟು ದತ್ತಾಂಶವನ್ನಷ್ಟೇ ಡೇಟಾಬೇಸಿಗೆ ಏರಿಸಿ, ಮೇಲೊಂದು ಚಾಟ್ ಕಿಟಕಿ ತೆರೆದವರಿಗೆ ತೊಂದರೆ ಶುರುವಾಗುತ್ತದೆ.

ಅದೇ ಸಮೀಕ್ಷೆಯಲ್ಲಿ ವ್ಯಕ್ತಿಯ ಸಾಮಾನ್ಯ ಚಟುವಟಿಕೆಗೆ 11ರಿಂದ 97ರವರೆಗಿನ ಸಂಕೇತಗಳಿವೆ. 31 ಎಂದರೆ ನಿಯತ ಸಂಬಳದ ಕೆಲಸ, 81 ಎಂದರೆ ಕೆಲಸಕ್ಕಾಗಿ ಹುಡುಕುತ್ತಿರುವ ಅಥವಾ ಸಿಕ್ಕರೆ ಮಾಡಲು ಸಿದ್ಧರಿರುವ ಸ್ಥಿತಿ, 92 ಎಂದರೆ ಮನೆಗೆಲಸ ಮಾತ್ರ, 93 ಎಂದರೆ ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತರುವುದು, ಮನೆಬಳಕೆಗೆ ಹೊಲಿಯುವುದು ಮುಂತಾದವು. ‘ಕೆಲಸವಿಲ್ಲದ ಹೆಂಗಸರು ಎಷ್ಟು?’ ಎಂಬ ಪ್ರಶ್ನೆಗೆ 81 ಅನ್ನು ಮಾತ್ರ ಎಣಿಸಿದರೆ ಬರುವ ಉತ್ತರಕ್ಕೂ, 92 ಮತ್ತು 93ನ್ನು ಸೇರಿಸಿ ಎಣಿಸಿದರೆ ಬರುವ ಉತ್ತರಕ್ಕೂ ಅಜಗಜಾಂತರ. ಸಾಮಾನ್ಯ ಚಟುವಟಿಕೆಯ ಆಧಾರದ ಅಧಿಕೃತ ನಿರುದ್ಯೋಗ ದರದ ಅಂಶದಲ್ಲಿ 81 ಮಾತ್ರ ಇರುತ್ತದೆ, ಛೇದದಲ್ಲಿ ಇಡೀ ಜನಸಂಖ್ಯೆಯಲ್ಲ, ಕಾರ್ಮಿಕ ಬಲ ಮಾತ್ರ ಇರುತ್ತದೆ. ಸೌದೆ ಹೊತ್ತು ತರುವವರನ್ನು ಕಾರ್ಮಿಕ ಬಲದ ಹೊರಗಿಟ್ಟದ್ದು ನ್ಯಾಯವೇ ಎಂಬುದು ಅರ್ಥಶಾಸ್ತ್ರಜ್ಞರ ನಡುವೆ ಹಳೆಯ ಚರ್ಚೆ. ಆದರೆ ಹೊರಗಿಡಲಾಗಿದೆ ಎಂಬುದನ್ನು ವಿವರಣೆ ಹೇಳಲೇಬೇಕು.

ಬರೆಯುವುದು ಎಲ್ಲಿ, ಎಷ್ಟು

ಇಂಥ ವಿವರಣೆಗೆ ಜಾಗ ಡೇಟಾಬೇಸುಗಳಲ್ಲಿ ಮೊದಲಿನಿಂದಲೂ ಇದೆ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ಗಳಲ್ಲಿ ‘ಕಾಮೆಂಟ್ ಆನ್ ಕಾಲಂ’ ಎಂಬ ಆದೇಶದಿಂದ ಪ್ರತಿ ಕಾಲಂಗೂ ಒಂದು ಟಿಪ್ಪಣಿ ಅಂಟಿಸಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕ ರಚಿಸುವಾಗಲೇ ಬರೆಯಬಹುದು. ದಶಕಗಳ ಕಾಲ ಬಹುತೇಕ ಖಾಲಿ ಬಿದ್ದಿದ್ದ ಈ ಜಾಗವನ್ನು ಸಹಾಯಕ ತಂತ್ರಾಂಶಗಳು ಈಗ ಮೊದಲು ಹುಡುಕಿಕೊಂಡು ಬರುತ್ತವೆ. ಇದರ ಮೇಲೆ ‘ಸೆಮ್ಯಾಂಟಿಕ್ ಲೇಯರ್’ ಎಂಬ ಅರ್ಥದ ಪದರವನ್ನು ಕಟ್ಟುವ ಪದ್ಧತಿಯೂ ಬಂದಿದೆ: ‘ಕೆಟ್ಟ ಸಾಲದ ಪ್ರಮಾಣ’ ಎಂಬಂಥ ಅಳತೆಗಳ ಸೂತ್ರವನ್ನು, ಕೋಷ್ಟಕಗಳು ಕೂಡುವ ಅನುಮೋದಿತ ದಾರಿಗಳನ್ನು ಒಂದು ಕಡತದಲ್ಲಿ ನಿಗದಿಪಡಿಸಿ, ಸಹಾಯಕನು ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಹೂಡದೆ ಆ ಸೂತ್ರವನ್ನೇ ಎತ್ತಿಕೊಳ್ಳುವಂತೆ ಮಾಡಲಾಗುತ್ತದೆ. ಡಿಬಿಟಿ, ಲುಕರ್, ಸ್ನೋಫ್ಲೇಕ್ ಮುಂತಾದ ತಂತ್ರಾಂಶಗಳಲ್ಲಿ ಇದರ ಬೇರೆ ಬೇರೆ ರೂಪಗಳಿವೆ. ವ್ಯತ್ಯಾಸಗಳು ತಾಂತ್ರಿಕವಾದವು, ಇಲ್ಲಿ ಮುಖ್ಯವಲ್ಲ.

ಮುಖ್ಯವಾದದ್ದು ಆಯ್ಕೆ. ‘ಕಸ್ಟಮರ್_ನೇಮ್’ ಎಂಬ ಕಾಲಂಗೆ ‘ಗ್ರಾಹಕರ ಹೆಸರು’ ಎಂದು ಬರೆದ ಸಾಲಿನಿಂದ ಯಂತ್ರಕ್ಕಾಗಲಿ ಮನುಷ್ಯರಿಗಾಗಲಿ ಯಾವ ಉಪಕಾರವೂ ಇಲ್ಲ; ಸಾವಿರ ಕಾಲಂಗಳಿಗೆ ಇಂಥ ಸಾವಿರ ಸಾಲುಗಳನ್ನು ಬರೆದು ಮಾದರಿಯ ಮುಂದೆ ಸುರಿದರೆ ನಿಜವಾಗಿ ಬೇಕಾದ ಹತ್ತು ಸಾಲುಗಳು ಆ ರಾಶಿಯಲ್ಲಿ ಹೂತುಹೋಗುತ್ತವೆ. ವಿವರಣೆ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕೋಷ್ಟಕದಲ್ಲಿ ಒಂದು ಸಾಲು ಎಂದರೆ ಏನು ಎಂದು: ಒಬ್ಬ ವ್ಯಕ್ತಿಯೋ, ಒಂದು ಖಾತೆಯೋ, ಒಂದು ಖಾತೆಯ ಒಂದು ತಿಂಗಳೋ. ಇದೊಂದು ವಾಕ್ಯ ಎರಡೆರಡು ಬಾರಿ ಎಣಿಸುವ ತಪ್ಪುಗಳಲ್ಲಿ ಬಹುಪಾಲನ್ನು ತಡೆಯುತ್ತದೆ. ಆಮೇಲೆ ಕೇಳಿಕೊಳ್ಳಬೇಕಾದದ್ದು, ಹೊಸಬರು ಎಲ್ಲಿ ತಪ್ಪುತ್ತಾರೆ ಎಂದು. ಸಂಸ್ಥೆಯ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ‘ಕಳೆದ ವರ್ಷ’ ಎಂದರೆ ಜನವರಿಯಿಂದ ಡಿಸೆಂಬರ್ ಅಲ್ಲ, ರದ್ದಾದ ಬಿಲ್ಲುಗಳು ಕೋಷ್ಟಕದಿಂದ ಅಳಿಸಿಹೋಗದೆ ಗುರುತಿನೊಡನೆ ಉಳಿದಿರುತ್ತವೆ, ಪರೀಕ್ಷೆಗೆಂದು ಸೃಷ್ಟಿಸಿದ ಖಾತೆಗಳನ್ನು ಬಿಡಬೇಕು ಎಂಬಂಥ, ಹಳಬರಿಗೆ ಹೇಳಬೇಕೆಂದೂ ಹೊಳೆಯದ ಸಂಗತಿಗಳೇ ಇಲ್ಲಿ ಬರಬೇಕಾದವು. ಇವು ಆ ಕೋಷ್ಟಕದಲ್ಲಿ ದಿನವೂ ಕೈಯಾಡಿಸುವವರಿಗೆ ಮಾತ್ರ ಗೊತ್ತಿರುವುದರಿಂದ, ಈ ಕೆಲಸವನ್ನು ಐಟಿ ವಿಭಾಗದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ವಾಡಿಕೆ ಫಲ ಕೊಡುವುದಿಲ್ಲ.

ಇನ್ನೊಂದು ಸುಲಭದ ದಾರಿ ಆಮಿಷ ಒಡ್ಡುತ್ತದೆ: ವಿವರಣೆಯನ್ನೂ ಭಾಷಾ ಮಾದರಿಯಿಂದಲೇ ಬರೆಸಿಬಿಡುವುದು. ಕರಡು ಸಿದ್ಧಪಡಿಸಲು, ಇರುವ ಹಳೆಯ ಕ್ವೆರಿಗಳನ್ನು ಓದಿ ಸಂಬಂಧಗಳನ್ನು ಹೆಕ್ಕಲು ಅದು ಬಹಳ ಉಪಯುಕ್ತ. ಆದರೆ ಬರಿಯ ಹೆಸರುಗಳನ್ನು ನೋಡಿ ಅದು ಬರೆದ ವಿವರಣೆ, ಅದು ಹೇಗೂ ಮಾಡುತ್ತಿದ್ದ ಊಹೆಯೇ. ವ್ಯತ್ಯಾಸವೆಂದರೆ ಈಗ ಆ ಊಹೆಗೆ ದಾಖಲೆಯ ಮುದ್ರೆ ಬಿದ್ದಿರುತ್ತದೆ, ಮುಂದೆ ಬರುವ ಪ್ರತಿಯೊಂದು ಕ್ವೆರಿಯೂ ಅದನ್ನು ಪ್ರಮಾಣವೆಂದು ಸ್ವೀಕರಿಸುತ್ತದೆ. ಎ, ಬಿ, ಸಿ, ಡಿಗಳನ್ನು ದರ್ಜೆಯೆಂದು ಒಮ್ಮೆ ಬರೆದುಬಿಟ್ಟರೆ ಅದನ್ನು ಪ್ರಶ್ನಿಸುವವರು ಯಾರು? ಹಾಗಾಗಿ ಕರಡಿನ ಪ್ರತಿ ವಾಕ್ಯಕ್ಕೂ ಬಲ್ಲವರೊಬ್ಬರ ಒಪ್ಪಿಗೆ ಇರಬೇಕು, ಒಪ್ಪಿಗೆ ಸಿಗದ ವಾಕ್ಯ ಹೊರಗೆ ಉಳಿಯಬೇಕು.

ಬರೆದದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ವಿಧಾನ ಸರಳವಾದರೂ ಅದನ್ನು ಪಾಲಿಸುವವರು ಕಡಿಮೆ. ಸರಿಯುತ್ತರ ಮೊದಲೇ ಗೊತ್ತಿರುವ ಮೂವತ್ತು ನಲವತ್ತು ಪ್ರಶ್ನೆಗಳನ್ನು, ಜನ ಕೇಳುವ ಆಡುಮಾತಿನಲ್ಲೇ, ಸಂಗ್ರಹಿಸಿಟ್ಟುಕೊಂಡು, ವಿವರಣೆಯಲ್ಲಿ ಅಥವಾ ಕೋಷ್ಟಕದಲ್ಲಿ ಏನೇ ಬದಲಾದರೂ ಅವುಗಳನ್ನು ಮತ್ತೆ ಓಡಿಸಿ ನೋಡುವುದೇ ಆ ವಿಧಾನ. ಅವುಗಳಲ್ಲಿ ಕೆಲವನ್ನು ಸರಿಯಾದ ಕ್ವೆರಿಯ ಸಮೇತ ವಿವರಣೆಯ ಭಾಗವಾಗಿಯೇ ಇಟ್ಟರೆ, ಸಹಾಯಕನು ಹೊಸ ಪ್ರಶ್ನೆಗಳಿಗೂ ಅದೇ ಜಾಡು ಹಿಡಿಯುತ್ತಾನೆ. ನೂರು ಸೂಚನೆಗಳಿಗಿಂತ ನಾಲ್ಕು ಮಾದರಿ ಕ್ವೆರಿಗಳು ಹೆಚ್ಚು ಕಲಿಸುವುದುಂಟು. ಉದಾಹರಣೆಗೆಂದು ನಿಜವಾದ ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳನ್ನು ವಿವರಣೆಯೊಳಗೆ ತುರುಕುವ ಅಭ್ಯಾಸ ಮಾತ್ರ ಅಪಾಯಕರ, ಏಕೆಂದರೆ ಕೋಷ್ಟಕವನ್ನು ನೋಡಲು ಅನುಮತಿಯಿಲ್ಲದವರ ಕಣ್ಣಿಗೂ ವಿವರಣೆ ಬೀಳುತ್ತದೆ.

ಕಡೆಯದಾಗಿ, ಕೋಷ್ಟಕದಲ್ಲಿ ಏನಿಲ್ಲ ಎಂಬುದನ್ನೂ ಬರೆಯಬೇಕಾಗುತ್ತದೆ, ಮತ್ತು ಈ ಭಾಗ ಬಹುತೇಕ ಎಲ್ಲ ವಿವರಣೆಗಳಲ್ಲೂ ನಾಪತ್ತೆ. ಪ್ರಾಗ್‌ನ ದತ್ತಾಂಶದಲ್ಲಿ ಮಂಜೂರಾದ 682 ಸಾಲಗಳಿವೆ, ತಿರಸ್ಕೃತವಾದ ಅರ್ಜಿಗಳು ಒಂದೂ ಇಲ್ಲ; ‘ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ಸಾಲ ಸಿಕ್ಕಿತು?’ ಎಂದು ಕೇಳಿದಾಗ, ಸಾಲ ಪಡೆದ ಖಾತೆಗಳನ್ನು ಒಟ್ಟು ಖಾತೆಗಳಿಂದ ಭಾಗಿಸಿ ಶೇ 15.2 ಎಂದು ಹೇಳುವುದು ಯಾವ ಸಹಾಯಕನಿಗೂ ಕಷ್ಟವಲ್ಲ. ಕಾರ್ಮಿಕ ಬಲ ಸಮೀಕ್ಷೆಯ ಮಾದರಿ ತಾಲ್ಲೂಕು ಮಟ್ಟದ ಅಂದಾಜಿಗೆ ಸಾಲುವಂಥದ್ದಲ್ಲ; ಅದನ್ನು ಬರೆದಿಡದಿದ್ದರೆ ಹತ್ತಿಪ್ಪತ್ತು ಮನೆಗಳ ಉತ್ತರವೇ ಒಂದು ಇಡೀ ಪ್ರದೇಶದ ನಿರುದ್ಯೋಗ ದರವಾಗಿ ವರದಿಯೊಳಗೆ ಸೇರುತ್ತದೆ. ‘ಅರ್ಜಿಗಳ ದಾಖಲೆ ಈ ಸಂಗ್ರಹದಲ್ಲಿಲ್ಲ, ಮಂಜೂರಾತಿಯ ಪ್ರಮಾಣ ಕೇಳಿದರೆ ಲೆಕ್ಕ ಮಾಡಬೇಡ, ದತ್ತಾಂಶವಿಲ್ಲವೆಂದು ಹೇಳು’ ಎಂಬ ಒಂದು ಸಾಲನ್ನು ಸಾಲದ ಕೋಷ್ಟಕದ ಟಿಪ್ಪಣಿಯಲ್ಲಿ ಸೇರಿಸಲು ಒಂದು ನಿಮಿಷ ಸಾಕು, ಮತ್ತು ಈಗಿನ ಮಾದರಿಗಳು ಸಾಮಾನ್ಯವಾಗಿ ಅದನ್ನು ಪಾಲಿಸುತ್ತವೆ.